ಮರ್ಯಾದಿತ

ಮೂವತ್ತೆಂಟು ವರ್ಷದ ಹಿಂದೆ ಗದಗಿನಿಂದ ಪುಣೆಗೆ ಬಂದಾಗ ನನಗೆ ಮರಾಠಿ ಅಕ್ಷರ ಬರುತ್ತಿತ್ತು, ಅರ್ಥ ಮಾತ್ರ ಅಷ್ಟಕ್ಕಷ್ಟೆ. ಕೊಥ್ರೂಡಿನಲ್ಲಿ ಬಾಡಿಗೆ ಮನೆ ಹುಡುಕುತ್ತ ತಿರುಗುವಾಗ ಎಲ್ಲ ಗೇಟುಗಳ ಮೇಲೂ ಒಂದೇ ನಮೂನೆಯ ಬೋರ್ಡು ಕಾಣುತ್ತಿತ್ತು. ಮೊದಲು ಯಾವುದೋ ದೇವರ ಹೆಸರೋ ಹೂವಿನ ಹೆಸರೋ, ಆಮೇಲೆ 'ಸಹಕಾರಿ ಗೃಹರಚನಾ ಸಂಸ್ಥಾ ಮರ್ಯಾದಿತ'. ಓಹೋ, ಮರ್ಯಾದಸ್ಥರು ಇರುವ ಜಾಗ ಅಂತ ಬರೆದುಕೊಂಡಿದ್ದಾರೆ, ನಮ್ಮಂಥ ಬ್ರಹ್ಮಚಾರಿಗಳಿಗೆ ಇಲ್ಲಿ ಮನೆ ಸಿಗಲಿಕ್ಕಿಲ್ಲ ಅಂದುಕೊಂಡೆ! ಆಫೀಸಿನಲ್ಲಿ ಹೇಳಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರ್ಯಾದಿತ ಅಂದರೆ ಲಿಮಿಟೆಡ್. ನಮ್ಮ ಕಡೆ 'ನಿಯಮಿತ' ಅಂತ ಬರೆಯುತ್ತಾರಲ್ಲ, ಅದು.

ಈ ಹಳೆಯ ನಗೆ ಈಗ ಯಾಕೆ ನೆನಪಾಯಿತು ಅಂದರೆ, ನಮ್ಮ ಸೊಸೈಟಿಯ ಈ ಸಲದ ಎಜಿಎಂನಲ್ಲಿ ಸೆಕ್ರೆಟರಿ ಆಗುತ್ತೇನೆ ಅಂತ ಒಬ್ಬರೂ ಕೈ ಎತ್ತಲಿಲ್ಲ. ಇಪ್ಪತ್ತನಾಲ್ಕು ಫ್ಲ್ಯಾಟು. ಬಂದಿದ್ದವರು ಒಂಬತ್ತು ಜನ. ಕೋರಂ ಇಲ್ಲ ಅಂತ ಅರ್ಧ ಗಂಟೆ ಮುಂದೂಡಿ ಮತ್ತೆ ಕೂತೆವು. ಚಹಾ ಆಯಿತು, ಬಿಸ್ಕೀಟೂ ಆಯಿತು. 'ಯಾರು ಮುಂದೆ ಬರ್ತೀರಿ?' ಅಂತ ಚೇರ್ಮನ್ ಕೇಳಿದ ಕೂಡಲೇ ಎಲ್ಲರಿಗೂ ತಮ್ಮ ತಮ್ಮ ಮೊಬೈಲಿನಲ್ಲಿ ಏನೋ ಬಹಳ ಅರ್ಜೆಂಟ್ ಕೆಲಸ ಕಂಡಿತು. ಸುಳ್ಳು ಯಾಕೆ ಹೇಳಲಿ, ನನಗೂ ಕಂಡಿತು.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ. ಸಂಬಳವಿಲ್ಲದ, ಬೈಗುಳ ತಪ್ಪದ ಈ ಹುದ್ದೆ ಎಲ್ಲಿಂದ ಬಂತು, ಇದನ್ನು ಮೊದಲು ಮಾಡಿದವರು ಯಾರು ಅಂತ ಯೋಚನೆ ಹತ್ತಿತು. ಹುಡುಕುತ್ತ ಹೋದರೆ ದಾರಿ ತಿರುಗಿ ತಿರುಗಿ ನಮ್ಮ ಕನ್ನಡ ನೆಲಕ್ಕೇ ಬಂದು ನಿಂತಿತು. ಅದನ್ನೇ ಇಲ್ಲಿ ಹೇಳುತ್ತೇನೆ.

ಶುರು ಮಾಡುವುದು ನನ್ನ ಊರಿನ ಪಕ್ಕದಿಂದಲೇ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ನಮ್ಮಲ್ಲಿ ಶಾಲೆಯ ಹುಡುಗರಿಗೂ ಗೊತ್ತು. ಹಿಂದಿನ ವರ್ಷ, 1904ರಲ್ಲಿ, ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತ್ತು. ಸಾಹುಕಾರನ ಬಡ್ಡಿಯಿಂದ ರೈತ ಪಾರಾಗಲಿ ಅನ್ನುವುದು ಅದರ ಉದ್ದೇಶ. ಆಗ ಗದಗ ಇದ್ದದ್ದು ಧಾರವಾಡ ಜಿಲ್ಲೆಯಲ್ಲಿ, ಧಾರವಾಡ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. ಅಂದರೆ ಕಣಗಿನಹಾಳಕ್ಕೂ ಪುಣೆಗೂ ಒಂದೇ ಕಾನೂನು.

ಆದರೆ ಆ ಕಾಯ್ದೆಯಲ್ಲಿ ಒಂದು ತೊಡಕಿತ್ತು. ಸಂಘ ಕಟ್ಟಿಕೊಂಡು ಸಾಲ ಕೊಡಬಹುದು, ತೆಗೆದುಕೊಳ್ಳಬಹುದು, ಅಷ್ಟೇ. ಸಂಘ ಕಟ್ಟಿಕೊಂಡು ಮನೆ ಕಟ್ಟುವ ಹಾಗಿರಲಿಲ್ಲ. ಮೈಸೂರು ಸಂಸ್ಥಾನದ ಕಾಯ್ದೆ ಬೇರೆ ಇದ್ದುದರಿಂದ ಬೆಂಗಳೂರಿನವರು ಮುಂದೆ ಹೋದರು. 1909ರಲ್ಲಿ ಅಲ್ಲಿ ಶುರುವಾದ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿಯನ್ನು ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘ ಅಂತ ಸಾಮಾನ್ಯವಾಗಿ ಗುರುತಿಸುತ್ತಾರೆ. ಬ್ರಿಟಿಷ್ ಇಂಡಿಯಾದವರು 1912ರ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಾಯಿತು. ಆ ಕಾಯ್ದೆ ಪತ್ತಿನ ಸಂಘಗಳಾಚೆಗೂ ಬಾಗಿಲು ತೆರೆಯಿತು.

ಆ ಬಾಗಿಲಿನಿಂದ ಮುಂಬೈಯಲ್ಲಿ ಒಳಗೆ ಬಂದವರು ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. ಚಿತ್ರಾಪುರ ಸಾರಸ್ವತರು. ಇವರ ಮಠ ಇರುವುದು ಭಟ್ಕಳದ ಹತ್ತಿರದ ಶಿರಾಲಿಯಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಅನ್ನುವ ಸಮುದಾಯ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ ಮೇಲೆ ಈ ಜನ ಓದಿಗೆ, ನೌಕರಿಗೆ ಮುಂಬೈ ಕಡೆ ಮುಖ ಮಾಡಿದರು. ನಮ್ಮ ಹಾಗೆಯೇ ವಲಸಿಗರು, ನಮಗಿಂತ ಮೂರು ತಲೆಮಾರು ಮೊದಲು.

ತಲ್ಮಕಿಯವರು ಮೊದಲು ಕೈ ಹಾಕಿದ್ದು ಸಾಲದ ಸಂಘಕ್ಕೆ. 1906ರಲ್ಲಿ, ತಮ್ಮ ಹಿರಿಯರಾದ ಶ್ಯಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಒಂದು ಪತ್ತಿನ ಸಂಘ ಶುರು ಮಾಡಿದರು. ಪುಣೆಯಲ್ಲಿ ನೀವು ನೋಡುವ ಎಸ್‌ವಿಸಿ ಬ್ಯಾಂಕ್ ಅದೇ. ಆಮೇಲೆ ಮನೆಯ ಪ್ರಶ್ನೆ. 1896ರ ಪ್ಲೇಗು ಮುಂಬೈಯನ್ನು ಅಲ್ಲಾಡಿಸಿತ್ತು. ಗಾಳಿ ಬೆಳಕಿಲ್ಲದ ಚಾಳುಗಳನ್ನು ಕೆಡವಿ ಹೊಸ ಬಡಾವಣೆ ಮಾಡಲು ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಅದೇ ಕಾಲದಲ್ಲಿ ಊರಿನಿಂದ ಬಂದ ಗುಮಾಸ್ತನೊಬ್ಬ ಒಳ್ಳೆಯ ಜಾಗದಲ್ಲಿ ಪ್ಲಾಟ್ ಕೊಳ್ಳುವುದು ಕನಸಿನ ಮಾತು. ಬಾಡಿಗೆ ಅವನ ಸಂಬಳವನ್ನು ತಿಂದು ಹಾಕುತ್ತಿತ್ತು. ಒಬ್ಬನ ಕೈಲಾಗದ್ದನ್ನು ಹತ್ತು ಜನ ಸೇರಿ ಮಾಡಬಹುದಲ್ಲ ಅಂತ ತಲ್ಮಕಿ ಮತ್ತು ಅವರ ಜೊತೆಯವರು 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಕೋ-ಆಪರೇಟಿವ್ ಹೌಸಿಂಗ್ ಸೊಸೈಟಿ ಕಟ್ಟಿದರು.

ಇದರ ಒಳಗಿನ ಏರ್ಪಾಟನ್ನು ಸ್ವಲ್ಪ ಗಮನಿಸಿ, ನಮ್ಮ ಇವತ್ತಿನ ಎಲ್ಲ ಜಗಳಕ್ಕೂ ಮೂಲ ಅದರಲ್ಲಿದೆ. ಜಾಗ ಸೊಸೈಟಿಯದು. ಕಟ್ಟಡವೂ ಸೊಸೈಟಿಯದೇ. ಸದಸ್ಯ ಶೇರು ಕೊಳ್ಳುತ್ತಾನೆ, ಆ ಶೇರಿನ ಬಲದ ಮೇಲೆ ಒಂದು ಮನೆಯಲ್ಲಿ ಇರುವ ಹಕ್ಕು ಅವನಿಗೆ ಬರುತ್ತದೆ. ಅವನು ಒಟ್ಟಿನಲ್ಲಿ ಮಾಲೀಕ, ಬಿಡಿಯಾಗಿ ಬಾಡಿಗೆದಾರ. ಇಂಗ್ಲೆಂಡಿನಲ್ಲಿ ಅದೇ ಕಾಲದಲ್ಲಿ ನಡೆಯುತ್ತಿದ್ದ ಪ್ರಯೋಗದ ಮಾದರಿ ಇದು. ಕರ್ನಾಟಕದ ನಮ್ಮ ಬಹುತೇಕ ಗೃಹ ನಿರ್ಮಾಣ ಸಂಘಗಳು ಲೇಔಟ್ ಮಾಡಿ, ಸೈಟು ಹಂಚಿ, ಕೈ ತೊಳೆದುಕೊಳ್ಳುತ್ತವೆ. ಆಮೇಲೆ ಸೈಟು ನಿಮ್ಮದು, ಸಂಘ ನೆನಪು. ಮಹಾರಾಷ್ಟ್ರದಲ್ಲಿ ಹಾಗಲ್ಲ. ಕಟ್ಟಡ ನಿಂತಿರುವ ತನಕ ಸೊಸೈಟಿಯೂ ಇರಬೇಕು. ಸೊಸೈಟಿ ಇರಬೇಕಾದರೆ ಲೆಕ್ಕ ಬರೆಯುವವನು ಒಬ್ಬ, ಪತ್ರ ಬರೆಯುವವನು ಒಬ್ಬ, ಜಗಳ ಬಿಡಿಸುವವನು ಒಬ್ಬ ಬೇಕು. ಟ್ರೆಷರರ್, ಸೆಕ್ರೆಟರಿ, ಚೇರ್ಮನ್. ಮೂವರಿಗೂ ಹೊಟ್ಟೆಪಾಡಿಗೆ ಬೇರೆ ಕೆಲಸ ಇರುತ್ತದೆ ಅನ್ನುವುದನ್ನು ಆಗಲೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಈಗಲೂ ಹಿಡಿದಿಲ್ಲ. ಭಾರತದ ಸಹಕಾರಿ ವಸತಿ ಚಳವಳಿಯ ಪಿತಾಮಹ ಅಂತ ಕರೆಯುವುದು ಈ ತಲ್ಮಕಿಯವರನ್ನು. ಮುಂಬೈಯ ತಾರ್ದೇವ್‌ನಲ್ಲಿ ತಲ್ಮಕಿವಾಡಿ ಅಂತ ಅವರ ಹೆಸರಿನ ವಸಾಹತೇ ಇದೆ.

ಮುಂಬೈ ಪ್ರಾಂತ್ಯ 1925ರಲ್ಲಿ ತನ್ನದೇ ಸಹಕಾರ ಕಾಯ್ದೆ ಮಾಡಿಕೊಂಡಾಗ ಹೌಸಿಂಗ್ ಸೊಸೈಟಿ ಅನ್ನುವ ಜಾತಿಗೆ ಅದರಲ್ಲಿ ಪ್ರತ್ಯೇಕ ಜಾಗ ಸಿಕ್ಕಿತು.

ಈಗ ಪುಣೆಗೆ ಬರೋಣ. ಪುಣೆಯ ಹಳೆಯ ಪೇಟೆಗಳ ಜನ ಹೆಚ್ಚಾಗಿ ವಾಡೆಗಳಲ್ಲಿದ್ದರು. ಮಣ್ಣು, ಇಟ್ಟಿಗೆ, ಕಟ್ಟಿಗೆಯ ಮನೆಗಳು. ಒಬ್ಬ ಮಾಲೀಕ, ಹತ್ತಾರು ಬಾಡಿಗೆ ಬಿಡಾರ. 1947ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆಯನ್ನು ಹಳೆಯ ಮಟ್ಟಕ್ಕೆ ಕಟ್ಟಿಹಾಕಿತು. ಇದ್ದವರಿಗೆ ಅನುಕೂಲವೇ ಆಯಿತು, ಆದರೆ ಬಾಡಿಗೆಗೆ ಕೊಡಲೆಂದು ಹೊಸ ಮನೆ ಕಟ್ಟುವುದರಲ್ಲಿ ಯಾರಿಗೂ ಲಾಭ ಉಳಿಯಲಿಲ್ಲ. ಕೊಂಡುಕೊಳ್ಳುವುದೇ ದಾರಿ ಅನ್ನುವ ಕಾಲ ಬರುತ್ತಿತ್ತು. ಅಷ್ಟರಲ್ಲಿ ನೀರು ಬಂತು.

1961ರ ಜುಲೈ 12. ಇನ್ನೂ ಕಟ್ಟುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಬೆಳಿಗ್ಗೆ ಒಡೆಯಿತು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಪೇರಿಸಿ ಅದನ್ನು ಕೆಲವು ಗಂಟೆ ಹಿಡಿದು ನಿಲ್ಲಿಸಿದ್ದರಂತೆ. ಇಲ್ಲದಿದ್ದರೆ ಊರು ಮಲಗಿದ್ದಾಗಲೇ ಕೊಚ್ಚಿಹೋಗುತ್ತಿತ್ತು. ಆ ನೀರಿನ ರಭಸಕ್ಕೆ ಕೆಳಗಿನ ಹಳೆಯ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆಯಿತು. ಮುಠಾ ನದಿ ಪೇಟೆಗಳೊಳಗೆ ನುಗ್ಗಿ ಮಣ್ಣಿನ ವಾಡೆಗಳನ್ನು ಕರಗಿಸಿಬಿಟ್ಟಿತು. ಹಳೆಯ ಪುಣೆಯವರು ಈಗಲೂ ಕಾಲ ಹೇಳುವಾಗ 'ಪಾನ್‌ಶೇತ್‌ಗಿಂತ ಮುಂಚೆ', 'ಪಾನ್‌ಶೇತ್ ಆದಮೇಲೆ' ಅನ್ನುತ್ತಾರೆ.

ಬಾಡಿಗೆದಾರನ ಮನೆ ಹೋದರೆ ಅವನಿಗೆ ಏನೂ ಉಳಿಯುವುದಿಲ್ಲ. ನೆಲ ಮಾಲೀಕನದು. ಮನೆ ಕಳೆದುಕೊಂಡವರಿಗೆ ಸರ್ಕಾರ ಊರ ಹೊರಗೆ ಜಾಗ ಕೊಟ್ಟಿತು. ಎಷ್ಟೋ ಜಾಗಗಳಲ್ಲಿ ಅದನ್ನು ಒಬ್ಬೊಬ್ಬರಿಗೆ ಕೊಡದೆ ಸಹಕಾರಿ ಸೊಸೈಟಿಗಳ ಹೆಸರಿನಲ್ಲಿ ಲೀಸಿಗೆ ಕೊಟ್ಟಿತು. ಇವನ್ನು 'ಪೂರಗ್ರಸ್ತ ಸೊಸೈಟಿ' ಅನ್ನುತ್ತಾರೆ. ಪೂರ ಅಂದರೆ ನೆರೆ. ಪರ್ವತಿ, ತಳಜಾಯಿ ಗುಡ್ಡಗಳ ಬಗಲಿಗಿರುವ ಬಡಾವಣೆಯ ಹೆಸರೇ ನೋಡಿ, ಸಹಕಾರನಗರ. ಮೊನ್ನೆ ಮೊನ್ನೆಯವರೆಗೆ ಒಂದೇ ವಾಡೆಯ ನಲ್ಲಿಗೆ ಜಗಳವಾಡಿದವರು ಈಗ ಒಂದು ಕಾಗದದ ಮೇಲೆ ಸಹಿ ಹಾಕಿ ಸದಸ್ಯರಾದರು. ಪಾತ್ರೆ ಪಗಡೆ ಹುಡುಕುತ್ತಿದ್ದ ಜನರ ನಡುವಿನಿಂದಲೇ ಯಾರೋ ಒಬ್ಬ ಎದ್ದು ಅರ್ಜಿ ಬರೆದು, ಪಟ್ಟಿ ಮಾಡಿ, ಕಚೇರಿ ಬಾಗಿಲು ಕಾದಿರಬೇಕಲ್ಲ? ಆ ಸೆಕ್ರೆಟರಿಗಳ ಹೆಸರು ಯಾವ ರಸ್ತೆಗೂ ಇಟ್ಟಿಲ್ಲ.

ಮುಂದಿನದು ಬಿಲ್ಡರ್‌ಗಳ ಕಾಲ. ತಲ್ಮಕಿಯವರ ಲೆಕ್ಕದಲ್ಲಿ ಮೊದಲು ಸಂಘ, ಆಮೇಲೆ ಕಟ್ಟಡ. ಈಗ ತಿರುಗಾಮುರುಗಾ ಆಯಿತು. ಮೊದಲು ಬಿಲ್ಡರ್ ಕಟ್ಟುತ್ತಾನೆ, ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಬಂದು ಫ್ಲ್ಯಾಟ್ ಕೊಳ್ಳುತ್ತಾರೆ, ಸಂಘ ಕಡೆಯಲ್ಲಿ. ದುಡ್ಡು ತೆಗೆದುಕೊಂಡು ಮನೆ ಕೊಡದವರು, ಒಂದೇ ಫ್ಲ್ಯಾಟ್ ಇಬ್ಬರಿಗೆ ಮಾರಿದವರು ಹೆಚ್ಚಾದಾಗ ಮಹಾರಾಷ್ಟ್ರ ಸರ್ಕಾರ 1963ರಲ್ಲಿ ಓನರ್‌ಶಿಪ್ ಫ್ಲ್ಯಾಟ್ಸ್ ಕಾಯ್ದೆ ತಂದಿತು. ಇಲ್ಲಿಯವರ ಬಾಯಲ್ಲಿ 'ಮೋಫಾ'. ಬಿಲ್ಡರ್ ಸೊಸೈಟಿ ಮಾಡಿಕೊಡಬೇಕು, ಆಮೇಲೆ ನಾಲ್ಕು ತಿಂಗಳಲ್ಲಿ ನೆಲ ಮತ್ತು ಕಟ್ಟಡವನ್ನು ಸೊಸೈಟಿಯ ಹೆಸರಿಗೆ ಬರೆದುಕೊಡಬೇಕು ಅಂತ ನಿಯಮ. ಈ ಬರೆದುಕೊಡುವುದಕ್ಕೆ ಕನ್ವೇಯನ್ಸ್ ಅನ್ನುತ್ತಾರೆ.

ಬರೆದುಕೊಟ್ಟವರು ಕಡಿಮೆ. ಯಾಕೆ ಅಂತೀರಾ? ನೆಲ ಯಾರ ಹೆಸರಿನಲ್ಲಿದೆಯೋ, ಮುಂದೆ ಎಫ್‌ಎಸ್‌ಐ ಹೆಚ್ಚಾದಾಗ ಅದರ ಮೇಲೆ ಇನ್ನಷ್ಟು ಕಟ್ಟುವ ಹಕ್ಕನ್ನು ಅವರು ಕೇಳಬಹುದು. ಜಾಗದ ಬೆಲೆ ಏರುತ್ತಿರುವ ಊರಿನಲ್ಲಿ ಅದನ್ನು ಯಾರು ಬಿಡುತ್ತಾರೆ?

ನಮ್ಮದೂ ಅದೇ ಕಥೆ. ಕಟ್ಟಡ 1989ರದು. ನನ್ನ ಕಪಾಟಿನಲ್ಲಿ ಒಂದು ಶೇರ್ ಸರ್ಟಿಫಿಕೇಟ್ ಇದೆ, ಐವತ್ತು ರೂಪಾಯಿಯ ಐದು ಶೇರು, ಒಟ್ಟು 250 ರೂಪಾಯಿ. ಜೀವಮಾನದ ಗಳಿಕೆ ಸುರಿದದ್ದಕ್ಕೆ ಸೊಸೈಟಿ ಕೊಟ್ಟ ಕಾಗದ ಅದು. ಹೆಂಡತಿ ಅದನ್ನು ಬೆಳ್ಳಿ ಲೋಟದ ಜೊತೆ ಇಟ್ಟಿದ್ದಾಳೆ. ಆದರೆ ಕಾಲ ಕೆಳಗಿನ ನೆಲ ನಮ್ಮದಲ್ಲ ಅನ್ನುವುದು ಎಷ್ಟೋ ವರ್ಷ ನಮಗೆ ಗೊತ್ತೇ ಇರಲಿಲ್ಲ. ಗೊತ್ತು ಮಾಡಿಸಿದವರು ನಮ್ಮ ಸೆಕ್ರೆಟರಿ. ಡಿಫೆನ್ಸ್ ಅಕೌಂಟ್ಸ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮರಾಠಿಯವರು. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಅವರು 'ಕಾಕಾ'. ನಾವು ಧಾರವಾಡದ ಕಡೆಯವರೂ ಚಿಕ್ಕಪ್ಪನಿಗೆ ಕಾಕಾ ಅನ್ನುವುದರಿಂದ ನನಗೆ ಬೇರೆ ಹೆಸರು ಬೇಕಾಗಲಿಲ್ಲ.

2005ರ ಸುಮಾರಿಗೆ ನನ್ನನ್ನು ಟ್ರೆಷರರ್ ಮಾಡಿದ್ದೂ ಅವರೇ. 'ಗದಗಿನವರು ನೀವು, ಸಹಕಾರ ನಿಮ್ಮ ಮನೆಯ ಹಿತ್ತಲಲ್ಲಿ ಹುಟ್ಟಿದ್ದು, ಬೇಡ ಅನ್ನಬೇಡಿ' ಅಂದರು. ಕಣಗಿನಹಾಳದ ಹೆಸರು ಪುಣೆಯ ಮನುಷ್ಯನ ಬಾಯಲ್ಲಿ ಕೇಳಿ ನಾನು ಬೆಪ್ಪಾದೆ. ಆಗ ಕಮಿಟಿಯವರು ಎಂ-20 ಅಂತ ಒಂದು ಬಾಂಡ್ ಬರೆದುಕೊಡಬೇಕಿತ್ತು. ಸೊಸೈಟಿಗೆ ನಷ್ಟವಾದರೆ ಎಲ್ಲರೂ ಕೂಡಿಯೂ ಒಬ್ಬೊಬ್ಬರಾಗಿಯೂ ಜವಾಬ್ದಾರರು ಅಂತ. ಪುಕ್ಕಟೆ ಕೆಲಸ, ಮೇಲೆ ಸ್ಟ್ಯಾಂಪ್ ಪೇಪರಿನ ಮೇಲೆ ಸಹಿ! ಸಹಿ ಹಾಕುವಾಗ ನನ್ನ ಕೈ ನಡುಗಿದ್ದನ್ನು ಕಾಕಾ ನೋಡಿ ಏನೂ ಅನ್ನಲಿಲ್ಲ, ಚಹಾ ತರಿಸಿದರು.

2008ರಲ್ಲಿ ಮೋಫಾಕ್ಕೆ ತಿದ್ದುಪಡಿ ಬಂತು. ಬಿಲ್ಡರ್ ಬರೆದುಕೊಡದಿದ್ದರೆ ಸೊಸೈಟಿಯೇ ಅರ್ಜಿ ಹಾಕಬಹುದು, ಸಹಕಾರ ಇಲಾಖೆಯ ಅಧಿಕಾರಿ ವಿಚಾರಣೆ ಮಾಡಿ ಬಿಲ್ಡರನ ಸಹಿ ಇಲ್ಲದೆಯೇ ಸೊಸೈಟಿಯ ಹೆಸರಿಗೆ ಮಾಡಿಕೊಡಬಹುದು. ಇದು ಡೀಮ್ಡ್ ಕನ್ವೇಯನ್ಸ್. ಕಾನೂನಿನಲ್ಲಿ ಆರು ತಿಂಗಳ ಗಡುವಿದೆ. ಆದರೆ ಅರ್ಜಿಯ ಜೊತೆ ಇಡುವ ಕಾಗದ ಕೂಡಿಸುವುದಕ್ಕೆ ಯಾವ ಗಡುವು? ಸಾತ್-ಬಾರಾ ಉತಾರೆ, ಪ್ರಾಪರ್ಟಿ ಕಾರ್ಡು, ಮಂಜೂರಾದ ನಕ್ಷೆ, ಇಪ್ಪತ್ತನಾಲ್ಕೂ ಫ್ಲ್ಯಾಟಿನ ಒಪ್ಪಂದ, ಸ್ಟ್ಯಾಂಪ್ ಡ್ಯೂಟಿ ಕಟ್ಟಿದ ದಾಖಲೆ, ಇಂಡೆಕ್ಸ್ ಟೂ. ಮೂರು ಫ್ಲ್ಯಾಟು ಕೈ ಬದಲಾಗಿದ್ದವು. ಒಂದರ ಮಾಲೀಕರು ತೀರಿಕೊಂಡಿದ್ದರು, ಮಗ ಅಮೆರಿಕದಲ್ಲಿ. ಕಾಕಾ ಒಂದು ಬಟ್ಟೆ ಚೀಲದಲ್ಲಿ ಕಾಗದ ತುಂಬಿಕೊಂಡು ಬೆಳಿಗ್ಗೆ ಪಿಎಂಟಿ ಬಸ್ಸಿನಲ್ಲಿ ಹೋಗುತ್ತಿದ್ದರು. ಬಸ್ಸಿಗೆ ಪಿಎಂಪಿಎಂಎಲ್ ಅಂತ ಹೊಸ ಹೆಸರು ಬಂದು ವರ್ಷಗಳಾಗಿದ್ದರೂ ಅವರಿಗೆ ಅದು ಪಿಎಂಟಿಯೇ. ಆಟೋದಲ್ಲಿ ಹೋಗಿ, ವೌಚರ್ ಕೊಡಿ ಅಂತ ನಾನು ಅಂದರೆ, 'ನಂತರ ಆಡಿಟರ್‌ಗೆ ಯಾರು ಉತ್ತರ ಹೇಳೋದು, ನೀನಾ?' ಅನ್ನುತ್ತಿದ್ದರು.

ಎರಡು ವರ್ಷ ಹಿಡಿಯಿತು. 2013ರಲ್ಲಿ ಆದೇಶ ಬಂತು. ರಿಜಿಸ್ಟ್ರೇಷನ್ ಆಗಿ ಪ್ರಾಪರ್ಟಿ ಕಾರ್ಡಿನ ಮೇಲೆ ನಮ್ಮ ಸೊಸೈಟಿಯ ಹೆಸರು ಕೂತ ದಿನ ಕಾಕಾ ಅದರ ಝೆರಾಕ್ಸ್ ಮಾಡಿಸಿ ಇಪ್ಪತ್ತನಾಲ್ಕು ಮನೆಗೂ ಹಂಚಿದರು. ಕೆಲವರು 'ಥ್ಯಾಂಕ್ಯೂ' ಅಂದರು. ಒಬ್ಬರು ಬಾಗಿಲು ತೆರೆದು, 'ಕಾಕಾ, ಮೇಲಿನ ಟ್ಯಾಂಕು ತೊಳೆಸಿ ಎಷ್ಟು ದಿನ ಆಯ್ತು?' ಅಂತ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ಕಾಗದದ ಬೆಲೆ ಈಗ ತಿಳಿಯುತ್ತಿದೆ. ಪುಣೆಯಲ್ಲಿ ಎಂಬತ್ತು, ತೊಂಬತ್ತರ ದಶಕದ ಕಟ್ಟಡಗಳೆಲ್ಲ ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. 2019ರ ಜುಲೈ 4ರ ಸರ್ಕಾರಿ ಆದೇಶದ ಪ್ರಕಾರ ಒಟ್ಟು ಸದಸ್ಯರಲ್ಲಿ ಶೇಕಡಾ 51 ಜನ ಒಪ್ಪಿದರೆ ಸೊಸೈಟಿ ಮುಂದುವರಿಯಬಹುದು. ನೆಲ ಹೆಸರಿನಲ್ಲಿದ್ದ ಸೊಸೈಟಿ ಬಿಲ್ಡರನ ಎದುರು ಕುರ್ಚಿ ಹಾಕಿಕೊಂಡು ಮಾತಾಡುತ್ತದೆ. ಇಲ್ಲದ ಸೊಸೈಟಿ ಮೊದಲು ಹಳೆಯ ಬಿಲ್ಡರನ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ.

ಇನ್ನೊಂದು ಬದಲಾವಣೆಯೂ ಆಗಿದೆ. ಹಿಂಜೆವಾಡಿಯ ಐಟಿ ಪಾರ್ಕ್ ಬಂದ ಮೇಲೆ ಫ್ಲ್ಯಾಟ್ ಅನ್ನುವುದು ಇರುವ ಮನೆಗಿಂತ ಹೆಚ್ಚಾಗಿ ದುಡ್ಡು ಹೂಡುವ ಜಾಗ ಆಗಿಬಿಟ್ಟಿತು. ನಮ್ಮ ಇಪ್ಪತ್ತನಾಲ್ಕರಲ್ಲಿ ಹನ್ನೊಂದು ಫ್ಲ್ಯಾಟು ಈಗ ಬಾಡಿಗೆಯಲ್ಲಿವೆ. ಇರುವವರಿಗೆ ಓಟಿಲ್ಲ, ಓಟಿರುವವರು ಇಲ್ಲಿಲ್ಲ. ಇಂಥ ಮಾಲೀಕರಿಂದ ಮನಸ್ಸಿಗೆ ಬಂದಷ್ಟು ವಸೂಲಿ ಮಾಡುತ್ತಿದ್ದ ಕಮಿಟಿಗಳೂ ಇದ್ದವು, ಅದನ್ನೂ ಹೇಳಬೇಕು. ಅದಕ್ಕೇ ಸರ್ಕಾರ 2001ರಲ್ಲಿ ಬಾಡಿಗೆಗೆ ಕೊಟ್ಟ ಫ್ಲ್ಯಾಟಿನ ಹೆಚ್ಚುವರಿ ಶುಲ್ಕ ಸರ್ವೀಸ್ ಚಾರ್ಜಿನ ಶೇಕಡಾ 10 ಮೀರಬಾರದು, ಫ್ಲ್ಯಾಟ್ ಮಾರಿದಾಗ ಸೊಸೈಟಿ ತೆಗೆದುಕೊಳ್ಳುವ ಪ್ರೀಮಿಯಂ 25,000 ರೂಪಾಯಿ ಮೀರಬಾರದು ಅಂತ ಮಿತಿ ಹಾಕಿತು. ಎಲ್ಲ ಸೆಕ್ರೆಟರಿಗಳೂ ಕಾಕಾ ಅಲ್ಲ. ಹತ್ತು ವರ್ಷ ಲೆಕ್ಕ ತೋರಿಸದವರು, ಪಾರ್ಕಿಂಗ್ ಜಾಗವನ್ನೇ ಜಹಗೀರು ಮಾಡಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಎಜಿಎಂಗೆ ಜನ ಬಾರದ ಸೊಸೈಟಿಯಲ್ಲೇ ಅಂಥವರು ಬೆಳೆಯುವುದು. ನಾವು ಬಿಟ್ಟುಬಿಟ್ಟ ಖಾಲಿ ಕುರ್ಚಿಯಲ್ಲೇ ಅವರು ಕೂತಿರುತ್ತಾರೆ.

ಯಾರೂ ಕೂರದಿದ್ದರೆ? ಅದಕ್ಕೂ ಕಾನೂನಿದೆ. ಕಮಿಟಿ ಇಲ್ಲದ ಸೊಸೈಟಿಗೆ ರಿಜಿಸ್ಟ್ರಾರ್ ಹೊರಗಿನಿಂದ ಆಡಳಿತಾಧಿಕಾರಿಯನ್ನು ನೇಮಿಸಬಹುದು. ಅವರ ಖರ್ಚು ನಮ್ಮ ಮೇಂಟೆನೆನ್ಸ್ ದುಡ್ಡಿನಿಂದಲೇ. ಇಡೀ ರಾಜ್ಯದ ಸಹಕಾರ ಆಯುಕ್ತರ ಕಚೇರಿ ಇರುವುದು ನಮ್ಮ ಪುಣೆಯ ಸೆಂಟ್ರಲ್ ಬಿಲ್ಡಿಂಗಿನಲ್ಲೇ, ಸಹಕಾರ ಶಿಕ್ಷಣದ ವೈಕುಂಠ ಮೆಹ್ತಾ ಸಂಸ್ಥೆ ಇರುವುದೂ ಇದೇ ಊರಲ್ಲಿ. ಅಂಥ ಊರಿನಲ್ಲಿ ಇಪ್ಪತ್ತನಾಲ್ಕು ಮನೆಯವರು ಒಬ್ಬ ಸೆಕ್ರೆಟರಿಯನ್ನು ಹುಡುಕಲಾರದೆ ಹೋದೆವು ಅಂದರೆ ನಾಚಿಕೆಯಾಗುತ್ತದೆ.

ಕಾಕಾ ಹತ್ತೊಂಬತ್ತು ವರ್ಷ ಸೆಕ್ರೆಟರಿಯಾಗಿದ್ದರು. ಈಗ ಎಂಬತ್ತೇಳು, ಮೊಣಕಾಲು ನೋವು, ಎಜಿಎಂಗೆ ಇಳಿದು ಬರಲಾಗಲಿಲ್ಲ. ಮಾರನೇ ದಿನ ನೋಡಲು ಹೋದೆ. ಕಿವಿ ಸ್ವಲ್ಪ ಮಂದ, ಆದರೆ ಕೇಳಿದ ಮೊದಲ ಮಾತು, 'ಯಾರು ಆದರು?' ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಹಾಸಿಗೆಯ ಕೆಳಗಿನಿಂದ ಆ ಬಟ್ಟೆ ಚೀಲ ಎಳೆಸಿದರು. ಒಳಗೆ ಮೂಲ ಆದೇಶ, ನಕ್ಷೆ, ಹಳೆಯ ಮಿನಿಟ್ಸ್ ಪುಸ್ತಕ. 'ಆಫೀಸಿನ ಕಪಾಟಿಗೆ ಗೆದ್ದಲು, ಅದಕ್ಕೇ ಇಲ್ಲಿಟ್ಟಿದ್ದೆ. ಇನ್ನು ನನ್ನ ಹತ್ತಿರ ಇರೋದು ಸರಿಯಲ್ಲ' ಅಂದರು.

ಚೀಲ ಈಗ ನನ್ನ ಮನೆಯಲ್ಲಿದೆ. ಮುಂದಿನ ಭಾನುವಾರ ಮತ್ತೆ ಮೀಟಿಂಗ್ ಕರೆದಿದ್ದಾರೆ. ವಯಸ್ಸು ಅರವತ್ತೆರಡು, ನಿವೃತ್ತನಾಗಿ ಎರಡು ವರ್ಷ. ಸಮಯವಿಲ್ಲ ಅನ್ನುವ ನೆಪವೂ ಉಳಿದಿಲ್ಲ. ಹೆಂಡತಿ ಚೀಲ ನೋಡಿದ ಕೂಡಲೇ 'ಊರ ಉಸಾಬರಿ ಮತ್ತೆ ಮೈಮೇಲೆ ಎಳಕೊಂಡ್ರಿ?' ಅಂದಳು. ಇನ್ನೂ ಇಲ್ಲ ಅಂದೆ. ಅವಳು ನಂಬಲಿಲ್ಲ, ಬೆಳ್ಳಿ ಲೋಟ ಸರಿಸಿ ಚೀಲಕ್ಕೆ ಕಪಾಟಿನಲ್ಲಿ ಜಾಗ ಮಾಡಿದಳು.

ನಿಮ್ಮ ಸೊಸೈಟಿಯ ಕನ್ವೇಯನ್ಸ್ ಆಗಿದೆಯೋ ಇಲ್ಲವೋ, ಕಾಗದ ಯಾರ ಮನೆಯ ಹಾಸಿಗೆಯ ಕೆಳಗಿದೆಯೋ, ಒಮ್ಮೆ ವಿಚಾರಿಸಿ. ಆ ಮನೆಯವರಿಗೆ ಒಂದು ನಮಸ್ಕಾರವನ್ನೂ ಹೇಳಿ ಬನ್ನಿ.